ಇಂಗ್ಲಿಷ್ ಭಾಷೆಯ ಜೆರಂಡು



ರೈಲ್ವೆ ಸ್ಟೇಷನ್ನಿಗೆ ಹೋದವರು ‘ವೇಟಿಂಗ್ ರೂಮ್’ ಎಂಬ ಹಲಗೆಯನ್ನು ನೋಡಿಯೇ ಇರುತ್ತಾರೆ. ಆ ಕೊಠಡಿಯು ಯಾರಿಗಾಗಿಯೋ ಕಾಯುತ್ತಿದೆಯೆಂದು ಯಾರೂ ಅರ್ಥಮಾಡುವುದಿಲ್ಲ. ಕಾಯುವುದಕ್ಕಾಗಿ ಏರ್ಪಟ್ಟ ಕೊಠಡಿಯೆಂದೇ ತಿಳಿಯುತ್ತಾರೆ. ಆದರೆ ಅದೇ ಸ್ಟೇಷನ್ನಿನಲ್ಲಿ ‘ವೇಟಿಂಗ್ ಪ್ಯಾಸೆಂಜರ್ಸ್’ ಎಂದಾಗ ಕಾಯುತ್ತಿರುವವರು ಪ್ರಯಾಣಿಕರೇ ಸರಿ. ‘ವೇಟಿಂಗ್’ ಎಂಬ ಪದವು ಎರಡು ಕಡೆಯಲ್ಲಿಯೂ ಒಂದೇ, ಅದರ ಅಕ್ಷರಗಳೂ ಒಂದೇ. ಮಾಡುವ ಕೆಲಸ ಮಾತ್ರ ಬೇರೆ. ಮೊದಲನೆಯದು ಕಾಯುವಿಕೆಯೆಂಬ ಕ್ರಿಯೆಯ ಹೆಸರು. ಎರಡನೆಯದು ಕಾಯುತ್ತಿರುವವರಿಗೆ ವಿಶೇಷಣ. ಹೀಗೆ ಕ್ರಿಯೆಯ ಹೆಸರಾಗಿ ನಿಂತ ‘ಇಂಗ್’ ರೂಪವನ್ನು ಇಂಗ್ಲಿಷ್ ವೈಯಾಕರಣರು ಜೆರಂಡು ಎಂದೂ, ವಿಶೇಷಣವಾಗಿ ನಿಂತುದನ್ನು ಪಾರ್ಟಿಸಿಪಲ್ ಎಂದೂ ಕರೆಯುವ ವಾಡಿಕೆ.

ಇದು ಕೇವಲ ಪಾಠಶಾಲೆಯ ವಿಷಯವಲ್ಲವೇ ಎಂದು ಕೆಲವರು ಕೇಳಬಹುದು. ಹಾಗಲ್ಲವೆಂಬುದೇ ನಮ್ಮ ಅಭಿಪ್ರಾಯ. ಅನೇಕ ವರ್ಷ ಇಂಗ್ಲಿಷ್ ಓದಿ, ಆ ಭಾಷೆಯಲ್ಲಿಯೇ ಕಾಗದಪತ್ರಗಳನ್ನು ಬರೆಯುತ್ತಿರುವ ವಿದ್ಯಾವಂತರ ಬರಹದಲ್ಲಿಯೂ ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂಬಂತಹ ವಾಕ್ಯಗಳು ಕಾಣಬರುತ್ತವೆ. ಇದು ಕೇವಲ ಅಂದಗೇಡು. ಇದಕ್ಕಿಂತಲೂ ಹೆಚ್ಚಿನದೊಂದು ಅಪಾಯವಿದೆ. ಜೆರಂಡು ಇರಬೇಕಾದ ಕಡೆ ಬೇರೊಂದು ರೂಪವನ್ನಿಟ್ಟರೆ ಕೆಲವು ವಾಕ್ಯಗಳ ಅರ್ಥವೇ ಬದಲಾಗಿ, ಬರೆದವನು ಹೇಳದ ಮಾತನ್ನು ಓದಿದವನು ಗ್ರಹಿಸುತ್ತಾನೆ. ಆದಕಾರಣ ಈ ರೂಪದ ಸ್ವರೂಪವೇನು, ಅದನ್ನು ಗುರುತಿಸುವುದು ಹೇಗೆ, ಬಳಸುವುದು ಎಲ್ಲಿ ಎಂಬುದನ್ನು ಪರ್ಯಾಲೋಚಿಸೋಣ. ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲವೂ ಒಂದು ತೊಡಕೂ ಇವೆ. ಜೆರಂಡಿನ ಸ್ವಭಾವವನ್ನು ತಿಳಿಯಲು ನಮ್ಮ ಭಾಷೆಯೇ ಒಳ್ಳೆಯ ಗುರು. ಆದರೆ ಅದನ್ನು ಪ್ರಯೋಗಿಸುವ ಸ್ಥಳದಲ್ಲಿ ಅದೇ ಭಾಷೆ ನಮ್ಮನ್ನು ದಾರಿ ತಪ್ಪಿಸುತ್ತದೆ.

ಮೊದಲು ಹೆಸರಿನ ವಿಚಾರ. ಜೆರಂಡು ಎಂಬುದು ಲ್ಯಾಟಿನ್ ಭಾಷೆಯಿಂದ ಬಂದ ಪದ. ಲ್ಯಾಟಿನ್ನಿನಲ್ಲಿ ಕ್ರಿಯೆಯ ಹೆಸರಿಗೆ ಷಷ್ಠಿಯೇ ಮೊದಲಾದ ವಿಭಕ್ತಿಗಳು ಹತ್ತಿದಾಗ ಬರುವ ರೂಪ ಅದು. ಪೊಲೀಸಿನವರ ವರದಿಗಳಲ್ಲಿ ಬರುವ ‘ಮೋಡಸ್ ಆಪರೆಂಡೈ’ ಎಂಬ ಮಾತನ್ನು ನಮ್ಮ ಶ್ರೋತೃಗಳು ಬಲ್ಲರು. ಅದರ ಎರಡನೆಯ ಪದವು ಲ್ಯಾಟಿನ್ ಜೆರಂಡಿನ ಷಷ್ಠಿ. ‘ಕೆಲಸಮಾಡುವುದರ ರೀತಿ’ ಎಂದು ಅರ್ಥ. ರಾಜ್ಯಗಳ ನಡುವಣ ತಾತ್ಕಾಲಿಕ ಹೊಂದಾಣಿಕೆಗೆ ಹೇಳುವ ‘ಮೋಡಸ್ ವಿವೆಂಡೈ’ ಎಂಬುದೂ ಹಾಗೆಯೇ, ‘ಬಾಳುವುದರ ರೀತಿ’. ಲ್ಯಾಟಿನ್ ಜೆರಂಡು ಪ್ರಥಮಾ ವಿಭಕ್ತಿಯಲ್ಲಿ ಬರುವುದಿಲ್ಲ. ಆ ಸ್ಥಾನದಲ್ಲಿ ಇನ್‌ಫಿನಿಟಿವ್ ಬರುತ್ತದೆ. ಇಂಗ್ಲಿಷಿನ ಜೆರಂಡಾದರೋ ಕರ್ತೃಸ್ಥಾನದಲ್ಲಿಯೂ ನಿರಾತಂಕವಾಗಿ ಕುಳಿತುಕೊಳ್ಳುತ್ತದೆ. ಹೆಸರು ಎರವಲಾದರೂ ಸ್ವಭಾವ ಸ್ವಂತದ್ದು.

ಸಂಸ್ಕೃತವನ್ನು ಇಂಗ್ಲಿಷ್ ಗ್ರಂಥಗಳ ಮೂಲಕ ಓದಿದವರಿಗೆ ಇನ್ನೊಂದು ಸಂದೇಹ ಬರುವುದುಂಟು. ಅಮೆರಿಕದ ವಿದ್ವಾಂಸ ವಿಟ್ನಿಯವರು ೧೮೭೯ರಲ್ಲಿ ಪ್ರಕಟಿಸಿದ ಸಂಸ್ಕೃತ ವ್ಯಾಕರಣದಲ್ಲಿ ‘ಕೃತ್ವಾ’, ‘ಗತ್ವಾ’ ಮುಂತಾದ ಅವ್ಯಯಗಳಿಗೆ ಜೆರಂಡು ಎಂಬ ಹೆಸರನ್ನೇ ಕೊಟ್ಟಿದ್ದಾರೆ. ನಮ್ಮ ‘ಮಾಡಿ’, ‘ಹೋಗಿ’ ಎಂಬವು ಈ ಜಾತಿಯವು. ಇವು ಒಂದು ಕ್ರಿಯೆ ಮುಗಿದು ಇನ್ನೊಂದು ನಡೆಯಿತೆಂದು ಹೇಳುವುವೇ ಹೊರತು ಕ್ರಿಯೆಯನ್ನು ಹೆಸರಿಸುವುದಿಲ್ಲ. ಇಂಗ್ಲಿಷಿನ ಜೆರಂಡಿಗೂ ಇವಕ್ಕೂ ಸಂಬಂಧವಿಲ್ಲ. ಇಂಗ್ಲಿಷ್ ಜೆರಂಡಿಗೆ ಕನ್ನಡದಲ್ಲಿ ಸರಿಸಮಾನವಾದುದು ‘ಮಾಡುವುದು’, ‘ಹೋಗುವುದು’ ಎಂಬ ಕೃದಂತವೇ.

ಈ ಸಾದೃಶ್ಯವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಧಾತುವಿನ ಮೇಲೆ ಕೃತ್ಪ್ರತ್ಯಯ ಹತ್ತಿ ನಾಮವಾಗುವುದು ಕನ್ನಡಿಗರಿಗೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಮಪ್ರಕೃತಿಗಳನ್ನು ವಿಂಗಡಿಸುವಾಗ ಕೃತ್ತಿನಿಂದಾದುದನ್ನು ಪ್ರತ್ಯೇಕವಾಗಿಯೇ ಎಣಿಸಿದ್ದಾನೆ. ಈಗ ‘ಬರೆ’ ಎಂಬ ಧಾತುವಿನಿಂದ ಹುಟ್ಟಿದ ಎರಡು ಪದಗಳನ್ನು ತೆಗೆದುಕೊಳ್ಳಿ: ‘ಬರವಣಿಗೆ’ ಮತ್ತು ‘ಬರೆಯುವುದು’. ಎರಡಕ್ಕೂ ವಿಭಕ್ತಿಪ್ರತ್ಯಯ ಹತ್ತುತ್ತದೆ: ಬರವಣಿಗೆಯನ್ನು, ಬರವಣಿಗೆಯಿಂದ; ಬರೆಯುವುದನ್ನು, ಬರೆಯುವುದರಿಂದ. ಆದುದರಿಂದ ಎರಡೂ ನಾಮಗಳೇ. ಆದರೆ ‘ಅಂದವಾದ ಬರವಣಿಗೆ’ ಎನ್ನುತ್ತೇವೆಯೇ ಹೊರತು ‘ಪತ್ರವನ್ನು ಅಂದವಾಗಿ ಬರವಣಿಗೆ’ ಎನ್ನುವುದಿಲ್ಲ. ‘ಪತ್ರವನ್ನು ಅಂದವಾಗಿ ಬರೆಯುವುದು’ ಎಂದು ಮಾತ್ರ ಧಾರಾಳವಾಗಿ ಹೇಳುತ್ತೇವೆ. ಎಂದರೆ ‘ಬರವಣಿಗೆ’ಯು ನಾಮಪದವಾಗಿ ಮಾರ್ಪಟ್ಟು ಕ್ರಿಯೆಯ ಪರಿವಾರವನ್ನು ಬಿಟ್ಟಿದೆ, ‘ಬರೆಯುವುದು’ ನಾಮದ ಸ್ಥಾನಕ್ಕೆ ಬಂದರೂ ತನ್ನ ಕರ್ಮಪದವನ್ನೂ ಕ್ರಿಯಾವಿಶೇಷಣವನ್ನೂ ಜೊತೆಯಲ್ಲಿಯೇ ಕರೆತಂದಿದೆ. ಹೊರಗಿನಿಂದ ನೋಡಿದರೆ ನಾಮ, ಒಳಗೆ ಹೊಕ್ಕರೆ ಕ್ರಿಯೆ. ಜೆರಂಡಿನ ಲಕ್ಷಣವೆಂದರೆ ಇಷ್ಟೆ.

ಇಂಗ್ಲಿಷಿನಲ್ಲಿ ಈ ಎರಡು ಬಗೆಗಳಿಗೂ ‘ಇಂಗ್’ ಎಂಬ ಒಂದೇ ಬಾಲವಿರುವುದರಿಂದ ಗೊಂದಲ ಹುಟ್ಟುತ್ತದೆ. ‘ರೀಡಿಂಗ್ ದಿ ಲೆಟರ್ ಕೇರ್‌ಫುಲಿ’ ಎಂದಾಗ ‘ರೀಡಿಂಗ್’ ಎಂಬುದು ಜೆರಂಡು. ‘ಪತ್ರವನ್ನು ಎಚ್ಚರಿಕೆಯಿಂದ ಓದುವುದು’ ಎಂದಂತೆ. ‘ದಿ ಕೇರ್‌ಫುಲ್ ರೀಡಿಂಗ್ ಆಫ್ ದಿ ಲೆಟರ್’ ಎಂದಾಗ ಅದೇ ಪದ ಶುದ್ಧ ನಾಮ. ‘ಪತ್ರದ ಎಚ್ಚರಿಕೆಯ ವಾಚನ’ ಎಂದಂತೆ. ಮುಂದೆ ‘ದಿ’ ಬಂದರೆ ಹಿಂದೆ ‘ಆಫ್’ ಬರಬೇಕು. ‘ದಿ’ ಇಲ್ಲದಿದ್ದರೆ ‘ಆಫ್’ ಕೂಡ ಬೇಕಿಲ್ಲ. ಈ ನಿಯಮವನ್ನು ಬಿಷಪ್ ರಾಬರ್ಟ್ ಲೌತ್ ಎಂಬುವರು ೧೭೬೨ರಲ್ಲಿಯೇ ತಮ್ಮ ಇಂಗ್ಲಿಷ್ ವ್ಯಾಕರಣದಲ್ಲಿ ವಿಧಿಸಿದರು. ಆ ಕಾಲದ ಒಳ್ಳೆಯ ಲೇಖಕರು ಕೂಡ ಎರಡನ್ನೂ ಬೆರೆಸಿ ಬರೆಯುತ್ತಿದ್ದುದರಿಂದಲೇ ಅವರು ಹೀಗೆ ವಿಧಿಸಬೇಕಾಯಿತು. ‘ಬೈ ದಿ ರೀಡಿಂಗ್ ದಿ ಲೆಟರ್’ ಎಂಬಂತಹ ಬೆರಕೆಯು ಇಂದಿನ ಬರಹಕ್ಕೆ ಒಪ್ಪುವುದಿಲ್ಲ.

ಆ ಬೆರಕೆಗೆ ಕಾರಣ ಭಾಷೆಯ ಚರಿತ್ರೆಯಲ್ಲಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಿಯೆಯ ಹೆಸರಿಗೆ ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವೂ, ವಿಶೇಷಣವಾಗಿ ನಿಲ್ಲುವ ಪಾರ್ಟಿಸಿಪಲ್ಲಿಗೆ ‘ಎಂಡೆ’ ಎಂಬ ಬೇರೊಂದು ಪ್ರತ್ಯಯವೂ ಇದ್ದುವು. ಅಂದಿನ ವಿದ್ಯಾರ್ಥಿಗೆ ಇವೆರಡರಲ್ಲಿ ಭ್ರಮೆಯೇ ಇರಲಿಲ್ಲ. ಮಧ್ಯಯುಗದ ಇಂಗ್ಲಿಷಿನಲ್ಲಿ ಪಾರ್ಟಿಸಿಪಲ್ಲಿನ ಪ್ರತ್ಯಯವು ಕ್ರಮೇಣ ಸವೆದು, ಅದರ ಸ್ಥಾನಕ್ಕೂ ‘ಇಂಗ್’ ಎಂಬುದೇ ಬಂದು ಸೇರಿತು. ಇತ್ತ, ಮೊದಲು ನಮ್ಮ ‘ಬರವಣಿಗೆ’ಯಂತೆ ಶುದ್ಧ ನಾಮವಾಗಿದ್ದ ‘ಇಂಗ್’ ರೂಪವು ಕಾಲಕ್ರಮದಲ್ಲಿ ನಮ್ಮ ‘ಬರೆಯುವುದು’ ಎಂಬಂತೆ ಕರ್ಮಪದವನ್ನೂ ಕ್ರಿಯಾವಿಶೇಷಣವನ್ನೂ ತೆಗೆದುಕೊಳ್ಳುವ ಶಕ್ತಿಯನ್ನು ಪಡೆಯಿತು. ಹೀಗೆ ಮೂರು ಬೇರೆ ಬೇರೆ ಕೆಲಸಗಳು ಒಂದೇ ವೇಷದಲ್ಲಿ ಬಂದು ನಿಂತಿವೆ. ಆದುದರಿಂದ ಪದದ ಬಾಲವನ್ನು ನೋಡಿ ತೀರ್ಮಾನಿಸುವುದು ಸಾಧ್ಯವಿಲ್ಲ. ವಾಕ್ಯದಲ್ಲಿ ಅದು ಕುಳಿತಿರುವ ಸ್ಥಾನವನ್ನೂ ಮಾಡುತ್ತಿರುವ ಕೆಲಸವನ್ನೂ ನೋಡಿಯೇ ತೀರ್ಮಾನಿಸಬೇಕು.

ಪಾರ್ಟಿಸಿಪಲ್ಲನ್ನು ಜೆರಂಡಿನಿಂದ ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ‘ಡ್ರಿಂಕಿಂಗ್ ವಾಟರ್’ ಎಂದರೆ ಕುಡಿಯುವ ನೀರು. ಕುಡಿಯುವುದು ನೀರಲ್ಲ, ಕುಡಿಯುವುದಕ್ಕಾಗಿ ಇರುವ ನೀರು. ಇದು ಜೆರಂಡು. ‘ರನ್ನಿಂಗ್ ವಾಟರ್’ ಎಂದರೆ ಹರಿಯುವ ನೀರು, ಹರಿಯುತ್ತಿರುವುದು ನೀರೇ. ಇದು ಪಾರ್ಟಿಸಿಪಲ್. ಕನ್ನಡದಲ್ಲಿಯೂ ‘ಕುಡಿಯುವ’, ‘ಹರಿಯುವ’ ಎಂದು ರೂಪ ಒಂದೇ ಇರುವುದನ್ನು ಗಮನಿಸಬೇಕು. ‘ಇದಕ್ಕಾಗಿ’ ಎಂದು ಬಿಡಿಸಬಹುದಾದರೆ ಜೆರಂಡು. ‘ಇದನ್ನು ಮಾಡುತ್ತಿರುವ’ ಎಂದು ಬಿಡಿಸಬಹುದಾದರೆ ಪಾರ್ಟಿಸಿಪಲ್. ಮಾತನಾಡುವಾಗ ಧ್ವನಿಯ ಒತ್ತೂ ಸಹಾಯಕ್ಕೆ ಬರುತ್ತದೆ. ‘ಡ್ಯಾನ್ಸಿಂಗ್ ಟೀಚರ್’ ಎಂಬಲ್ಲಿ ಒತ್ತು ಮುಖ್ಯವಾಗಿ ಮೊದಲನೆಯ ಪದದ ಮೇಲೆ ಬಿದ್ದರೆ ನೃತ್ಯ ಕಲಿಸುವ ಉಪಾಧ್ಯಾಯರು. ಎರಡನೆಯ ಪದಕ್ಕೂ ಪೂರ್ಣವಾದ ಒತ್ತು ಬಿದ್ದರೆ ಕುಣಿಯುತ್ತಿರುವ ಉಪಾಧ್ಯಾಯರು! ಬರಹದಲ್ಲಿ ಕಾಣದ ಈ ಭೇದವನ್ನು ಕಿವಿ ಕೂಡಲೆ ಹಿಡಿಯುತ್ತದೆ.

ಇನ್ನು ಪ್ರಯೋಗದ ವಿಚಾರಕ್ಕೆ ಬರೋಣ. ನಾಮಪದವು ನಿಲ್ಲಬಹುದಾದ ಸ್ಥಾನಗಳಲ್ಲಿ ಜೆರಂಡೂ ನಿಲ್ಲುತ್ತದೆ. ‘ವಾಕಿಂಗ್ ಈಸ್ ಗುಡ್ ಫಾರ್ ಹೆಲ್ತ್’, ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು. ಇಲ್ಲಿ ಅದು ಕರ್ತೃ. ‘ಹಿಸ್ ಹಾಬಿ ಈಸ್ ಕಲೆಕ್ಟಿಂಗ್ ಸ್ಟ್ಯಾಂಪ್ಸ್’, ಅವನ ಹವ್ಯಾಸ ಅಂಚೆಚೀಟಿಗಳನ್ನು ಕೂಡಿಹಾಕುವುದು. ಇಲ್ಲಿ ಅದು ವಿಧೇಯಭಾಗ. ‘ಷಿ ಎಂಜಾಯ್ಸ್ ಸಿಂಗಿಂಗ್’ ಎಂಬಲ್ಲಿ ಕರ್ಮ. ಕಟ್ಟಡಗಳ ಮೇಲೆ ಕಾಣುವ ‘ನೋ ಸ್ಮೋಕಿಂಗ್’ ಎಂಬ ಎಚ್ಚರಿಕೆಯಲ್ಲಿಯೂ ಅದು ಕ್ರಿಯೆಯ ಹೆಸರೇ.

ನಾಲ್ಕನೆಯ ಸ್ಥಾನವು ಪ್ರಿಪೊಜಿಷನ್ನಿನ ಅನಂತರದ್ದು. ಇಲ್ಲಿ ನಿಯಮವು ಬಹಳ ಮಟ್ಟಿಗೆ ನಿರಪವಾದವಾದುದು. ಆಫ್, ಇನ್, ಆನ್, ಅಟ್, ಫ್ರಮ್, ಬೈ, ವಿತೌಟ್, ಬಿಫೋರ್, ಆಫ್ಟರ್ ಮೊದಲಾದ ಪ್ರಿಪೊಜಿಷನ್ನುಗಳ ಬಳಿಕ ಕ್ರಿಯೆಯನ್ನು ಇಡಬೇಕಾದರೆ ಅದು ‘ಇಂಗ್’ ರೂಪದಲ್ಲಿಯೇ ಇರಬೇಕು. ‘ವಿತೌಟ್ ಸೇಯಿಂಗ್ ಎ ವರ್ಡ್’, ‘ಫಾಂಡ್ ಆಫ್ ರೀಡಿಂಗ್’, ‘ಪ್ರಿವೆಂಟೆಡ್ ಫ್ರಮ್ ಗೋಯಿಂಗ್’, ‘ಇನ್‌ಸಿಸ್ಟೆಡ್ ಆನ್ ಪೇಯಿಂಗ್’ ಎಂಬುವು ಸಾಧು. ‘ಇನ್‌ಸಿಸ್ಟೆಡ್ ಟು ಪೇ’ ಎಂಬುದು ಅಸಾಧು. ‘ಬಟ್’, ‘ಎಕ್ಸೆಪ್ಟ್’ ಎಂಬೆರಡರ ಮುಂದೆ ಮಾತ್ರ ಬೇರೆ ರೂಪ ಬರುವುದುಂಟು.

ಕನ್ನಡಿಗರ ನಿಜವಾದ ಕಷ್ಟವಿರುವುದು ‘ಟು’ ಎಂಬ ಒಂದಕ್ಷರದ ಪದದಲ್ಲಿ. ಇಂಗ್ಲಿಷಿನಲ್ಲಿ ‘ಟು’ ಎಂಬುದು ಎರಡಿದೆ. ಒಂದು ಇನ್‌ಫಿನಿಟಿವಿನ ಗುರುತು: ‘ಐ ವಾಂಟ್ ಟು ಗೋ.’ ಇನ್ನೊಂದು ಪ್ರಿಪೊಜಿಷನ್ನು: ‘ಐ ಆಬ್ಜೆಕ್ಟ್ ಟು ಗೋಯಿಂಗ್.’ ಮೊದಲನೆಯದಕ್ಕೆ ಕನ್ನಡದಲ್ಲಿ ‘ಹೋಗುವುದಕ್ಕೆ ಇಷ್ಟಪಡುತ್ತೇನೆ’ ಎನ್ನುತ್ತೇವೆ. ಎರಡನೆಯದಕ್ಕೆ ‘ಹೋಗುವುದಕ್ಕೆ ಆಕ್ಷೇಪಿಸುತ್ತೇನೆ’ ಎನ್ನುತ್ತೇವೆ. ನಮ್ಮ ಚತುರ್ಥಿಯ ‘ಕ್ಕೆ’ ಎಂಬ ಪ್ರತ್ಯಯವು ಎರಡು ಕೆಲಸಗಳನ್ನೂ ಭೇದವಿಲ್ಲದೆ ನಿರ್ವಹಿಸುತ್ತದೆ. ಹೀಗಿರಲು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವನಿಗೆ ಎರಡು ಕಡೆಯಲ್ಲಿಯೂ ‘ಟು ಗೋ’ ಎಂದೇ ತೋರುವುದು ಸಹಜ.

ಇದಕ್ಕೆ ಪರಿಹಾರವೂ ಸುಲಭವಾದುದೇ. ‘ಟು’ ಮುಂದೆ ಒಂದು ಸಾಮಾನ್ಯ ನಾಮಪದವನ್ನು ಇಟ್ಟು ನೋಡಬೇಕು. ‘ಐ ಲುಕ್ ಫಾರ್ವರ್ಡ್ ಟು ಯುವರ್ ಲೆಟರ್’ ಎಂದು ಹೇಳಬಹುದು. ಆದುದರಿಂದ ಆ ‘ಟು’ ಪ್ರಿಪೊಜಿಷನ್ನು, ಅದರ ಮುಂದೆ ‘ರಿಸೀವಿಂಗ್’ ಎಂಬ ಜೆರಂಡೇ ಬರಬೇಕು. ‘ಐ ಆಬ್ಜೆಕ್ಟ್ ಟು ದಿ ಪ್ರಪೋಸಲ್’ ಎನ್ನಬಹುದು. ಆದುದರಿಂದ ‘ಐ ಆಬ್ಜೆಕ್ಟ್ ಟು ಪೇಯಿಂಗ್’. ‘ಐ ವಾಂಟ್ ಟು ದಿ ಲೆಟರ್’ ಎನ್ನಲಾಗದು. ಆದುದರಿಂದ ‘ಐ ವಾಂಟ್ ಟು ರಿಸೀವ್’. ಈ ಪರೀಕ್ಷೆಯಿಂದಲೇ ‘ಅಕಸ್ಟಮ್ಡ್ ಟು’, ‘ಅಡಿಕ್ಟೆಡ್ ಟು’, ‘ವಿತ್ ಎ ವ್ಯೂ ಟು’ ಎಂಬ ಪ್ರಯೋಗಗಳೂ ಇತ್ಯರ್ಥವಾಗುತ್ತವೆ. ‘ಯೂಸ್ಡ್ ಟು’ ಎಂಬಲ್ಲಿ ಮಾತ್ರ ಎಚ್ಚರಿಕೆ ಬೇಕು. ‘ಐ ಯೂಸ್ಡ್ ಟು ವಾಕ್’ ಎಂದರೆ ಹಿಂದೆ ನಡೆಯುತ್ತಿದ್ದೆ, ಈಗ ಇಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಎಂದರೆ ನಡೆಯುವುದು ನನಗೆ ಅಭ್ಯಾಸವಾಗಿದೆ. ಒಂದು ಬಿಟ್ಟುಹೋದ ರೂಢಿ, ಇನ್ನೊಂದು ಕೈಗೂಡಿದ ರೂಢಿ.

ಕೆಲವು ಕ್ರಿಯಾಪದಗಳು ಜೆರಂಡನ್ನೇ ಬಯಸುತ್ತವೆ, ಕೆಲವು ಇನ್‌ಫಿನಿಟಿವನ್ನೇ ಬಯಸುತ್ತವೆ. ಅವಾಯ್ಡ್, ಎಂಜಾಯ್, ಫಿನಿಷ್, ಡಿನೈ, ಅಡ್ಮಿಟ್, ಪೋಸ್ಟ್‌ಪೋನ್, ರಿಸ್ಕ್, ಸಜೆಸ್ಟ್ ಎಂಬುವು ಮೊದಲನೆಯ ಗುಂಪು. ಹೋಪ್, ವಿಷ್, ಡಿಸೈಡ್, ಪ್ರಾಮಿಸ್, ರೆಫ್ಯೂಸ್, ಅಗ್ರೀ ಎಂಬುವು ಎರಡನೆಯ ಗುಂಪು. ಬಿಗಿನ್, ಕಂಟಿನ್ಯೂ ಮುಂತಾದುವು ಎರಡನ್ನೂ ಒಪ್ಪುತ್ತವೆ. ಸ್ಥೂಲವಾಗಿ ನೋಡಿದರೆ ಇನ್‌ಫಿನಿಟಿವು ಮುಂದೆ ಆಗಬೇಕಾದ ಕಾರ್ಯದ ಕಡೆಗೆ ಮುಖಮಾಡಿದೆ. ಜೆರಂಡು ನಡೆದ, ನಡೆಯುತ್ತಿರುವ ಅಥವಾ ಕೇವಲ ಮನಸ್ಸಿನಲ್ಲಿ ಹೆಸರಿಸಿಕೊಂಡ ಕಾರ್ಯವನ್ನು ಸೂಚಿಸುತ್ತದೆ. ಇದು ಒಲವೇ ಹೊರತು ಕಟ್ಟಳೆಯಲ್ಲ. ‘ಪೋಸ್ಟ್‌ಪೋನ್’ ಎಂಬುದು ಮುಂದಿನ ಕಾರ್ಯವನ್ನೇ ಕುರಿತಿದ್ದರೂ ಜೆರಂಡನ್ನೇ ಬಯಸುತ್ತದೆ. ಆದುದರಿಂದ ಒಲವನ್ನು ತಿಳಿದುಕೊಂಡು, ಪದಗಳನ್ನು ಒಳ್ಳೆಯ ಲೇಖಕರ ಓದಿನಿಂದ ರೂಢಿಸಿಕೊಳ್ಳುವುದೇ ಮಾರ್ಗ.

ಎರಡು ರೂಪಗಳನ್ನೂ ಒಪ್ಪಿ, ಎರಡರಲ್ಲಿಯೂ ಬೇರೆ ಬೇರೆ ಅರ್ಥವನ್ನು ಕೊಡುವ ಕ್ರಿಯಾಪದಗಳಲ್ಲಿ ಈ ಒಲವು ಸ್ಫುಟವಾಗಿ ಕಾಣುತ್ತದೆ. ನಾವು ಆರಂಭದಲ್ಲಿ ಹೇಳಿದ ಅಪಾಯವೂ ಇಲ್ಲಿಯೇ ಇದೆ. ‘ಐ ರಿಮೆಂಬರ್ಡ್ ಟು ಲಾಕ್ ದಿ ಡೋರ್’ ಎಂದು ಸಾಕ್ಷಿಯೊಬ್ಬನು ಹೇಳಿದರೆ, ಬೀಗ ಹಾಕಬೇಕೆಂಬುದು ಜ್ಞಾಪಕಕ್ಕೆ ಬಂದು ಹಾಕಿದೆನೆಂದು ಅರ್ಥ. ‘ಐ ರಿಮೆಂಬರ್ ಲಾಕಿಂಗ್ ದಿ ಡೋರ್’ ಎಂದರೆ ಅಂದು ಬೀಗ ಹಾಕಿದುದು ಇಂದು ತನ್ನ ನೆನಪಿನಲ್ಲಿದೆಯೆಂದು ಅರ್ಥ. ಮೊದಲನೆಯದರಲ್ಲಿ ನೆನಪು ಮೊದಲು, ಕಾರ್ಯ ಆಮೇಲೆ. ಎರಡನೆಯದರಲ್ಲಿ ಕಾರ್ಯ ಮೊದಲು, ನೆನಪು ಆಮೇಲೆ. ‘ಐ ಫರ್ಗಾಟ್ ಟು ಪೇ’ ಎಂದವನು ಹಣವನ್ನು ಕೊಟ್ಟಿಲ್ಲ. ‘ಐ ಹ್ಯಾಡ್ ಫರ್ಗಾಟನ್ ಪೇಯಿಂಗ್’ ಎಂದವನು ಹಣವನ್ನು ಕೊಟ್ಟಿದ್ದಾನೆ, ಕೊಟ್ಟುದನ್ನು ಮರೆತಿದ್ದಾನೆ. ಲೇವಾದೇವಿಯ ಕಾಗದದಲ್ಲಿ ಇವೆರಡಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

‘ಹಿ ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಧೂಮಪಾನವನ್ನು ಬಿಟ್ಟನು. ‘ಹಿ ಸ್ಟಾಪ್ಡ್ ಟು ಸ್ಮೋಕ್’ ಎಂದರೆ ಧೂಮಪಾನಕ್ಕಾಗಿ ನಿಂತನು. ‘ಟ್ರೈ ಟು ಓಪನ್ ದಿ ವಿಂಡೋ’ ಎಂದರೆ ಕಿಟಕಿ ತೆರೆಯಲು ಪ್ರಯತ್ನಪಡು, ಅದು ತೆರೆಯುವುದೇ ಕಷ್ಟವಿರಬಹುದು. ‘ಟ್ರೈ ಓಪನಿಂಗ್ ದಿ ವಿಂಡೋ’ ಎಂದರೆ ಕಿಟಕಿಯನ್ನು ತೆರೆದು ನೋಡು, ಅದರಿಂದ ಸೆಖೆ ಕಡಮೆಯಾದೀತು. ಉದ್ಯೋಗಕ್ಕೆ ಅರ್ಜಿ ಹಾಕಿದವರಿಗೆ ‘ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು’ ಎಂಬ ವಾಕ್ಯ ಸುಪರಿಚಿತ. ತಿಳಿಸಲು ವಿಷಾದಿಸುತ್ತೇವೆ ಎಂದರ್ಥ. ಅದನ್ನೇ ಗುಮಾಸ್ತನು ‘ವಿ ರಿಗ್ರೆಟ್ ಇನ್‌ಫಾರ್ಮಿಂಗ್ ಯು’ ಎಂದು ಬರೆದನೆಂದಿಟ್ಟುಕೊಳ್ಳಿ. ನಿಮಗೆ ಹಿಂದೆ ತಿಳಿಸಿದುದಕ್ಕಾಗಿ ಈಗ ಪಶ್ಚಾತ್ತಾಪಪಡುತ್ತೇವೆ ಎಂದಾಗುತ್ತದೆ. ಓದಿದವನು ಕಚೇರಿಯವರು ಯಾವುದೋ ಗುಟ್ಟನ್ನು ಹೊರಗೆಡಹಿದರೆಂದು ಬೆರಗಾಗಬೇಕು!

ಜೆರಂಡಿಗೆ ತನ್ನದೇ ಆದ ಕರ್ತೃವಿದ್ದಾಗ ಅದನ್ನು ಯಾವ ರೂಪದಲ್ಲಿ ಇಡಬೇಕೆಂಬುದು ಪಂಡಿತರಲ್ಲಿಯೇ ವಿವಾದಕ್ಕೆ ಒಳಗಾದ ಪ್ರಶ್ನೆ. ‘ಐ ಆಬ್ಜೆಕ್ಟ್ ಟು ಹಿಸ್ ಗೋಯಿಂಗ್’ ಎನ್ನಬೇಕೋ, ‘ಹಿಮ್ ಗೋಯಿಂಗ್’ ಎನ್ನಬೇಕೋ? ೧೯೦೬ರಲ್ಲಿ ಫೌಲರ್ ಸಹೋದರರು ‘ದಿ ಕಿಂಗ್ಸ್ ಇಂಗ್ಲಿಷ್’ ಎಂಬ ತಮ್ಮ ಗ್ರಂಥದಲ್ಲಿ ‘ಹಿಮ್ ಗೋಯಿಂಗ್’ ಎಂಬ ರೀತಿಯನ್ನು ಖಂಡಿಸಿದರು. ೧೯೨೬ರ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಗ್ರಂಥದಲ್ಲಿ ಎಚ್. ಡಬ್ಲ್ಯು. ಫೌಲರರು ಆ ಖಂಡನೆಯನ್ನು ಮತ್ತೆ ಎತ್ತಿಹಿಡಿದರು. ಡೆನ್ಮಾರ್ಕಿನ ಪ್ರಸಿದ್ಧ ವೈಯಾಕರಣ ಆಟೋ ಯೆಸ್ಪರ್ಸನ್ನರು ಅದೇ ೧೯೨೬ರಲ್ಲಿ ಇದಕ್ಕೆ ಪ್ರತ್ಯುತ್ತರ ಕೊಟ್ಟು, ಇಂಗ್ಲಿಷಿನ ಮಾನ್ಯ ಲೇಖಕರಲ್ಲಿ ಆ ಪ್ರಯೋಗ ಹಿಂದಿನಿಂದಲೂ ಇದೆಯೆಂದು ಉದಾಹರಣೆಗಳೊಡನೆ ವಾದಿಸಿದರು. ಅನಂತರದ ವೈಯಾಕರಣರು ಬಹುಮಟ್ಟಿಗೆ ಯೆಸ್ಪರ್ಸನ್ನರ ಪಕ್ಷವನ್ನೇ ಹಿಡಿದಿದ್ದಾರೆ.

ಕನ್ನಡಿಗರಿಗೆ ಈ ವಿವಾದವು ಆಶ್ಚರ್ಯವೆನಿಸಬಾರದು. ‘ಅವನ ಬರವು’ ಎಂದೂ ‘ಅವನು ಬರುವುದು’ ಎಂದೂ ನಾವು ಎರಡು ರೀತಿಯಲ್ಲಿ ಹೇಳುತ್ತೇವೆ. ನಾಮತ್ವ ಹೆಚ್ಚಾದ ಕಡೆ ಷಷ್ಠಿ, ಕ್ರಿಯಾತ್ವ ಹೆಚ್ಚಾದ ಕಡೆ ಪ್ರಥಮೆ. ಇಂಗ್ಲಿಷ್ ಜೆರಂಡಿನಲ್ಲಿ ಎರಡು ಗುಣಗಳೂ ಒಂದೇ ಪದದಲ್ಲಿ ಕೂಡಿರುವುದರಿಂದ ಕರ್ತೃವು ಅತ್ತಲೂ ಇತ್ತಲೂ ತೂಗುತ್ತದೆ. ವ್ಯವಹಾರಕ್ಕೆ ಇಷ್ಟು ಸಾಕು: ಗಂಭೀರವಾದ ಬರಹದಲ್ಲಿ, ಮುಖ್ಯವಾಗಿ ವಾಕ್ಯದ ಆದಿಯಲ್ಲಿ, ಸರ್ವನಾಮಕ್ಕೆ ಷಷ್ಠಿಯನ್ನು ಬಳಸುವುದು ಕ್ಷೇಮ, ‘ಹಿಸ್ ಕಮಿಂಗ್ ಲೇಟ್’ ಎಂದಂತೆ. ಕರ್ತೃವು ಅಚೇತನವಸ್ತುವಾಗಿದ್ದರೆ ಅಥವಾ ಉದ್ದವಾದ ಪದಸಮೂಹವಾಗಿದ್ದರೆ ಷಷ್ಠಿಯು ಭಾರವಾಗುತ್ತದೆ. ‘ದಿ ಚಾನ್ಸ್ ಆಫ್ ದಿ ಟ್ರೈನ್ ಬೀಯಿಂಗ್ ಲೇಟ್’ ಎಂದು ಬರೆದರೆ ಯಾವ ದೋಷವೂ ಇಲ್ಲ.

ಕರ್ತೃವನ್ನು ಹೇಳದೆ ಬಿಟ್ಟಾಗ ಮತ್ತೊಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ಊಟಮಾಡಿದ ಮೇಲೆ ಬಸ್ಸು ಹೊರಟಿತು’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಊಟಮಾಡಿದವರು ಪ್ರಯಾಣಿಕರೆಂಬುದು ಸ್ಪಷ್ಟ. ‘ಊಟಮಾಡಿ ಬಸ್ಸು ಹೊರಟಿತು’ ಎಂದರೆ ಮಾತ್ರ ನಗುತ್ತೇವೆ. ಇಂಗ್ಲಿಷಿನ ‘ಆಫ್ಟರ್ ಈಟಿಂಗ್, ದಿ ಬಸ್ ಲೆಫ್ಟ್’ ಎಂಬ ವಾಕ್ಯವು ನಮ್ಮ ಎರಡನೆಯ ವಾಕ್ಯದಂತೆ ಕೇಳಿಸುತ್ತದೆ. ಅಲ್ಲಿ ಊಟಮಾಡಿದುದು ಬಸ್ಸೇ. ‘ಆಫ್ಟರ್ ಈಟಿಂಗ್, ವಿ ಲೆಫ್ಟ್ ಬೈ ಬಸ್’ ಎಂದು ತಿದ್ದಿದರೆ ಸರಿಹೋಗುತ್ತದೆ. ಹೇಳದ ಕರ್ತೃವನ್ನು ಓದುಗನು ಮುಂದಿನ ವಾಕ್ಯಭಾಗದ ಕರ್ತೃವಿನಲ್ಲಿಯೇ ಹುಡುಕುತ್ತಾನೆಂಬುದನ್ನು ಮರೆಯಬಾರದು.

ಕ್ರಿಯೆಯ ಗುಣವನ್ನು ಉಳಿಸಿಕೊಂಡಿರುವುದರಿಂದ ಜೆರಂಡಿಗೆ ಕಾಲಭೇದವೂ ಪ್ರಯೋಗಭೇದವೂ ಉಂಟು. ‘ಹಿ ಡಿನೈಡ್ ಹ್ಯಾವಿಂಗ್ ಟೇಕನ್ ದಿ ಮನಿ’ ಎಂದರೆ ಹಣ ತೆಗೆದುಕೊಂಡಿದ್ದುದನ್ನು ಅಲ್ಲಗಳೆದನು. ‘ಹಿ ಡಿಸ್‌ಲೈಕ್ಸ್ ಬೀಯಿಂಗ್ ಪ್ರೇಯ್ಸ್ಡ್’ ಎಂದರೆ ತನ್ನನ್ನು ಹೊಗಳುವುದು ಅವನಿಗೆ ಹಿಡಿಸದು, ಇದು ಕರ್ಮಣಿ. ಆದರೆ ‘ದಿ ಹೌಸ್ ನೀಡ್ಸ್ ಪೇಂಟಿಂಗ್’ ಎಂಬಲ್ಲಿ ರೂಪವು ಕರ್ತರಿ, ಅರ್ಥವು ಕರ್ಮಣಿ: ಮನೆಗೆ ಬಣ್ಣ ಬಳಿಸಬೇಕಾಗಿದೆ. ಇಲ್ಲಿ ‘ನೀಡ್ಸ್ ಬೀಯಿಂಗ್ ಪೇಂಟೆಡ್’ ಎಂದು ಬರೆಯುವ ರೂಢಿಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸೇರಿಸುವುದು ನ್ಯಾಯ. ಜೆರಂಡು, ಪಾರ್ಟಿಸಿಪಲ್ ಎಂಬ ಹಳೆಯ ವಿಭಾಗವನ್ನು ಇತ್ತೀಚಿನ ವಿದ್ವಾಂಸರು ಹಾಗೆಯೇ ಅಂಗೀಕರಿಸುವುದಿಲ್ಲ. ೨೦೦೨ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬುವರು ಪ್ರಕಟಿಸಿದ ಕೇಂಬ್ರಿಡ್ಜ್ ವ್ಯಾಕರಣವು, ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಎಲ್ಲಿಯೂ ಈ ಎರಡಕ್ಕೂ ರೂಪಭೇದವಿಲ್ಲವಾದ್ದರಿಂದ, ಎರಡಕ್ಕೂ ಕೂಡಿ ‘ಜೆರಂಡ್-ಪಾರ್ಟಿಸಿಪಲ್’ ಎಂಬ ಒಂದೇ ಹೆಸರನ್ನು ಕೊಟ್ಟಿದೆ. ‘ದಿ ಬಿಲ್ಡಿಂಗ್’ ಎಂದು ಕಟ್ಟಡವನ್ನು ಹೇಳುವಂತಹ ಶುದ್ಧನಾಮಗಳನ್ನು ಅದು ಬೇರೆಯಾಗಿಯೇ ಇಟ್ಟಿದೆ. ಶಾಸ್ತ್ರಕ್ಕೆ ಅದೇ ಹೆಚ್ಚು ಒಪ್ಪಬಹುದು. ಆದರೆ ಹೆಸರು ಒಂದಾದರೂ ಎರಡಾದರೂ, ‘ಟು’ ಮುಂದೆ ಏನನ್ನಿಡಬೇಕು, ‘ಸ್ಟಾಪ್’ ಮುಂದೆ ಏನನ್ನಿಟ್ಟರೆ ಅರ್ಥವೇನಾಗುತ್ತದೆ ಎಂಬ ಪ್ರಶ್ನೆಗಳು ಬರೆಯುವವನ ಮುಂದೆ ಇದ್ದೇ ಇರುತ್ತವೆ.

ಆದಕಾರಣ ಬರೆದ ಪತ್ರವನ್ನು ಲಕೋಟೆಗೆ ಹಾಕುವ ಮುನ್ನ ‘ಇಂಗ್’ ಬಂದ ಕಡೆಯಲ್ಲಿಯೂ ‘ಟು’ ಬಂದ ಕಡೆಯಲ್ಲಿಯೂ ಕ್ಷಣಕಾಲ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಸ್ಥಾನದಲ್ಲಿ ಒಂದು ನಾಮಪದವನ್ನಿಟ್ಟರೆ ವಾಕ್ಯ ನಿಲ್ಲುವುದೇ? ಇಲ್ಲಿ ಹೇಳಿರುವ ಕಾರ್ಯವು ಆಗಿಹೋದುದೋ, ಆಗಬೇಕಾದುದೋ? ಈ ಕ್ರಿಯೆಯನ್ನು ಮಾಡಿದವರು ಯಾರೆಂಬುದು ಓದುವವನಿಗೆ ತಿಳಿಯುವುದೇ? ಇವಕ್ಕೆ ಉತ್ತರ ದೊರೆತರೆ ಜೆರಂಡಿನ ವಿಷಯದಲ್ಲಿ ತಪ್ಪುವ ಸಂಭವ ಬಹಳ ಕಡಮೆ. ಬರಿಯ ಸೂತ್ರಗಳನ್ನು ಉರುಹಚ್ಚುವುದಕ್ಕಿಂತ, ತಾಯ್ನುಡಿಯಲ್ಲಿ ‘ಬರೆಯುವುದು’ ಎಂಬ ಪದವು ಏನೇನು ಮಾಡುತ್ತದೆಂಬುದನ್ನು ಒಮ್ಮೆ ಕಿವಿಗೊಟ್ಟು ಕೇಳಿದವರಿಗೆ ಇಂಗ್ಲಿಷಿನ ಜೆರಂಡು ಅಪರಿಚಿತವಾಗಿ ಉಳಿಯುವುದಿಲ್ಲವೆಂದು ನಮ್ಮ ನಂಬಿಕೆ.